ಔಟ್‌ಬೋರ್ಡ್ ಮೋಟಾರಿಗೆ ಯಾವ ಬೋಲ್ಟ್? ಪದೇ ಪದೇ ಕೇಳುವ ಪ್ರಶ್ನೆಗಳು

ಔಟ್‌ಬೋರ್ಡ್ ಮೋಟಾರಿನ, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಮೋಟಾರಿನ, ಮಾತು ಶುರುವಾದರೆ ಅಶ್ವಶಕ್ತಿ, ಪ್ರೊಪೆಲ್ಲರ್, ಇಂಧನದ ಖರ್ಚು ಎಲ್ಲವೂ ಬಂದು ಹೋಗುತ್ತವೆ. ಅದನ್ನು ದೋಣಿಗೆ ಕಚ್ಚಿ ಹಿಡಿದಿರುವ ನಾಲ್ಕು ಬೋಲ್ಟುಗಳ ಸರದಿ ಬರುವುದು ಕೊನೆಗೆ, ಅದೂ ಮೋಟಾರನ್ನು ಸರಪಳಿಯಲ್ಲಿ ತೂಗುಹಾಕಿಕೊಂಡು ನಿಂತಾಗ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೋಟಾರು ಕೂರುವ ದೋಣಿಯ ಹಿಂಬದಿಯ ದಪ್ಪ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ನಾನು ಹಿಂಹಲಗೆ ಎಂದು ಬರೆಯುತ್ತೇನೆ. ನಿಮ್ಮ ಮೋಟಾರಿನ ಕೈಪಿಡಿ ಬೇರೆ ಏನಾದರೂ ಹೇಳಿದರೆ ಕೈಪಿಡಿಯ ಮಾತನ್ನೇ ಕೇಳಿ.

## ಮೊದಲಿಗೆ

ಮೋಟಾರಿನಲ್ಲೇ ಬಿಗಿಯುವ ಹಿಡಿಕೆಗಳಿವೆಯಲ್ಲ, ಮತ್ತೆ ಬೋಲ್ಟ್ ಯಾಕೆ?

ಸಣ್ಣ ಮೋಟಾರುಗಳಿಗೆ ಎರಡು ಹಿಡಿಕೆ ತಿರುಪುಗಳಿರುತ್ತವೆ. ದಿನವೂ ಮೋಟಾರನ್ನು ಕಳಚಿ ಹೆಗಲ ಮೇಲೆ ಹೊತ್ತು ಒಯ್ಯುವವರಿಗೆ ಅದೇ ಅನುಕೂಲ. ಆದರೆ ತಿರುಪಿನ ತುದಿಯ ಬಿಲ್ಲೆ ಹಲಗೆಯನ್ನು ಒತ್ತಿಕೊಂಡಿರುತ್ತದೆಯೇ ಹೊರತು ದಾಟಿ ಹೋಗಿರುವುದಿಲ್ಲ. ಗಂಟೆಗಟ್ಟಲೆ ನಡುಗುವ ಮೋಟಾರಿನ ಕೆಳಗೆ ಮರ ಕುಗ್ಗುತ್ತದೆ, ಬಿಗಿತ ಸಡಿಲವಾಗುತ್ತದೆ, ತಿರುವಿನಲ್ಲಿ ಮೋಟಾರು ಒಂದು ಬದಿಗೆ ಸರಿಯುತ್ತದೆ. ಅಂಥ ಮೋಟಾರುಗಳ ಬ್ರಾಕೆಟ್ಟಿನಲ್ಲೂ (ಹಲಗೆಗೆ ತಾಗಿ ಕೂರುವ ಲೋಹದ ಚೌಕಟ್ಟು) ಬೋಲ್ಟ್ ಹಾಕಲು ರಂಧ್ರಗಳಿದ್ದರೆ ಅವು ಅಲಂಕಾರಕ್ಕಲ್ಲ. ದೋಣಿಯಲ್ಲೇ ಬಿಡುವ ಮೋಟಾರಾದರೆ ಬೋಲ್ಟ್ ಹಾಕಿ. ಕಳಚುವ ಮೋಟಾರಾದರೆ ಪ್ರತಿ ಸಲ ಹೊರಡುವ ಮುನ್ನ ಹಿಡಿಕೆ ಬಿಗಿದು, ಮೋಟಾರಿಗೂ ದೋಣಿಗೂ ಒಂದು ಸರಪಳಿ ಕಟ್ಟಿ.

ಎಷ್ಟು ಬೋಲ್ಟ್ ಬೇಕು, ಯಾವ ದಪ್ಪದ್ದು?

ಮಧ್ಯಮ ಮತ್ತು ದೊಡ್ಡ ಮೋಟಾರುಗಳಿಗೆ ನಾಲ್ಕು: ಮೇಲೆ ಎರಡು, ಕೆಳಗೆ ಎರಡು. ದಪ್ಪ ಅರ್ಧ ಇಂಚು, ಇಲ್ಲವೇ ಎಂ12, ಅಂದರೆ ಮೆಟ್ರಿಕ್ ಅಳತೆಯ 12 ಮಿ.ಮೀ. ಅರ್ಧ ಇಂಚು ಎಂದರೆ 12.7 ಮಿ.ಮೀ.; ಎಂ12ಕ್ಕೂ ಅದಕ್ಕೂ ಮುಕ್ಕಾಲು ಮಿಲಿಮೀಟರಿನಷ್ಟೂ ಅಂತರವಿಲ್ಲ. ಹಾಗೆಂದು ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಲು ಹೋಗಬೇಡಿ. ಎಂ12ರ ಒರಟು ಥ್ರೆಡ್ಡಿನ ಅಂತರ 1.75 ಮಿ.ಮೀ., ಅರ್ಧ ಇಂಚಿನದು ಇಂಚಿಗೆ 13 ಎಳೆ. ಅರ್ಧ ಇಂಚಿನ ನಟ್ಟು ಎಂ12 ಬೋಲ್ಟಿನ ಮೇಲೆ ಸಡಿಲವಾಗಿ ಒಂದೆರಡು ಸುತ್ತು ಹೋದೀತು, ಕೂತಂತೆಯೂ ಕಂಡೀತು, ಅದು ಹಿಡಿತವಲ್ಲ. ಬೋಲ್ಟ್, ನಟ್ಟು ಎರಡನ್ನೂ ಒಂದೇ ಅಳತೆಯಲ್ಲಿ ಒಟ್ಟಿಗೆ ಕೊಳ್ಳಿ.

ಇಷ್ಟು ದೊಡ್ಡ ಮೋಟಾರನ್ನು ಬೆರಳು ದಪ್ಪದ ಬೋಲ್ಟ್ ಹಿಡಿದೀತೇ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು, ಅತಿ ಕಡಿಮೆ ಚಿಂತಿಸಬೇಕಾದ ಪ್ರಶ್ನೆಯೂ ಹೌದು. ಒಂದು ಅಂದಾಜು ಲೆಕ್ಕ ಹಾಕೋಣ. 40 ಅಶ್ವಶಕ್ತಿಯ ಮೋಟಾರು ಗಂಟೆಗೆ 30 ಕಿ.ಮೀ. ವೇಗದಲ್ಲಿ ದೋಣಿಯನ್ನು ತಳ್ಳುತ್ತಿದೆ, ಪ್ರೊಪೆಲ್ಲರ್ ಆ ಶಕ್ತಿಯ ಶೇ. 60ರಷ್ಟನ್ನು ನೀರಿಗೆ ದಾಟಿಸುತ್ತಿದೆ ಎಂದುಕೊಳ್ಳಿ. ತಳ್ಳುವ ಬಲ ಸುಮಾರು 2,100 ನ್ಯೂಟನ್, ಅಂದರೆ ಇನ್ನೂರು ಚಿಲ್ಲರೆ ಕೆ.ಜಿ. ತೂಕದಷ್ಟು. ಪ್ರೊಪೆಲ್ಲರ್ ಕೆಳಗಿರುವುದರಿಂದ ಬ್ರಾಕೆಟ್ಟಿನ ಬುಡ ಹಲಗೆಗೆ ಒತ್ತಿಕೊಳ್ಳುತ್ತದೆ, ತಲೆ ಹಿಂದಕ್ಕೆ ಎಳೆಯುತ್ತದೆ. ಮುಂದೆ ಹೋಗುವಾಗ ಮೇಲಿನ ಎರಡು ಬೋಲ್ಟುಗಳೇ ದುಡಿಯುವುದು. ರಿವರ್ಸ್ ಹಾಕಿದಾಗ ಕೆಳಗಿನವುಗಳ ಪಾಳಿ. ಸನ್ನೆಯ ಲೆಕ್ಕ ಸೇರಿಸಿದರೂ ಮೇಲಿನ ಒಂದೊಂದು ಬೋಲ್ಟಿನ ಪಾಲಿಗೆ ಬರುವ ಎಳೆತ ನೂರೈವತ್ತು ಕೆ.ಜಿ.ಯ ಆಸುಪಾಸು. ಸಾಧಾರಣ ದರ್ಜೆಯ ಎಂ12 ಸ್ಟೇನ್‌ಲೆಸ್ ಬೋಲ್ಟ್ ಹಿಗ್ಗಲು ಶುರುವಾಗಬೇಕಾದರೆ ಮೂರೂವರೆ ಟನ್ನಿಗೂ ಮೇಲಿನ ಎಳೆತ ಬೇಕು.

ಅಲೆಯ ಹೊಡೆತ, ಮುಳುಗಿದ ಮರದ ದಿಮ್ಮಿಗೆ ಡಿಕ್ಕಿ, ಟ್ರೇಲರಿನ ಮೇಲೆ ಹಳ್ಳ ದಿಣ್ಣೆಯಲ್ಲಿ ಮೋಟಾರು ಕುಣಿಯುವುದು, ಎಲ್ಲವನ್ನೂ ಸೇರಿಸಿದರೂ ಉಳಿಕೆ ಬೇಕಾದಷ್ಟಿದೆ. ಬೋಲ್ಟು ತುಂಡಾದುದಕ್ಕಿಂತ ಅದರ ಸುತ್ತಲಿನ ಮರ ಹಿಟ್ಟಾಗಿ ಮೋಟಾರು ಅಲುಗಾಡಿದ್ದನ್ನೇ ನಾನು ಹೆಚ್ಚು ನೋಡಿರುವುದು. ಮುಂದಿನ ಉತ್ತರಗಳಲ್ಲಿ ನೀರು, ಮರ, ವಾಷರ್ ಎಂದು ಮತ್ತೆ ಮತ್ತೆ ಹೇಳುವುದಕ್ಕೆ ಕಾರಣ ಇದೇ.

ಆರು ಮೂಲೆ ತಲೆಯ ದೊಡ್ಡ ಮರದ ತಿರುಪು ಹೊಡೆದರೆ ಸಾಲದೇ? ಒಳಗೆ ಕೈ ಹೋಗುವುದಿಲ್ಲ.

ಸಾಲದು. ಮರದ ತಿರುಪು ಮರದ ನಾರನ್ನಷ್ಟೇ ಹಿಡಿದಿರುತ್ತದೆ. ನಡುಕಕ್ಕೆ ಆ ನಾರು ಪುಡಿಯಾಗುತ್ತದೆ. ಒಳಗೆ ಕೈ ಹೋಗದಿದ್ದರೆ ಕೈ ಹೋಗುವಂತೆ ಒಂದು ಮುಚ್ಚಳದ ಕಿಂಡಿ ಕೊರೆಯಿರಿ.

## ಲೋಹದ ಆಯ್ಕೆ

304 ಸಾಕೇ, 316 ಬೇಕೇ?

ಇವೆರಡೂ ಸ್ಟೇನ್‌ಲೆಸ್ ಉಕ್ಕಿನ ಬಗೆಗಳು. ಉಪ್ಪು ನೀರಾದರೆ 316. ಕೆರೆ, ನದಿಯ ಸಿಹಿ ನೀರಾದರೆ 304 ನಡೆಯುತ್ತದೆ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುತ್ತದೆ. 316ರಲ್ಲಿ ಇವುಗಳ ಜೊತೆಗೆ ಶೇ. 2ರಿಂದ 3 ಮಾಲಿಬ್ಡಿನಂ ಸೇರುತ್ತದೆ. ಉಪ್ಪಿನ ಕ್ಲೋರೈಡು ಲೋಹದ ಮೈಯಲ್ಲಿ ಸೂಜಿಮೊನೆಯಂಥ ಗುಳಿ ತೋಡುವುದನ್ನು ತಡೆಹಿಡಿಯುವುದು ಆ ಮಾಲಿಬ್ಡಿನಂ. ಎರಡೂ ಕಣ್ಣಿಗೆ ಒಂದೇ ಥರ ಹೊಳೆಯುತ್ತವೆ. ಇಡೀ ಮೋಟಾರಿಗೆ ಬೇಕಾಗುವುದು ನಾಲ್ಕೇ ಬೋಲ್ಟು. ಸಿಹಿ ನೀರಿನವರಿಗೂ ನನ್ನ ಸಲಹೆ 316, ಏಕೆಂದರೆ ದೋಣಿ ಕೈ ಬದಲಾಗುತ್ತದೆ, ನೀರೂ ಬದಲಾಗುತ್ತದೆ, ಬೋಲ್ಟನ್ನು ಮಾತ್ರ ಯಾರೂ ಬದಲಿಸುವುದಿಲ್ಲ.

ಬೋಲ್ಟಿನ ತಲೆಯ ಮೇಲೆ ಎ4-70 ಎಂದು ಕೆತ್ತಿದೆ. ಇದು 316 ಹೌದೋ ಅಲ್ಲವೋ?

ಹೌದು, 316ರ ಬಳಗದ್ದೇ. ಎ2 ಎಂದಿದ್ದರೆ 304ರ ಬಳಗ. ಅಡ್ಡಗೆರೆಯ ಮುಂದಿನ ಅಂಕಿ ಬಲವನ್ನು ಹೇಳುತ್ತದೆ: 70 ಎಂದರೆ ತುಂಡಾಗುವ ಮುನ್ನ ಪ್ರತಿ ಚದರ ಮಿ.ಮೀ.ಗೆ 700 ನ್ಯೂಟನ್ ತಡೆಯುತ್ತದೆ, 80 ಎಂದರೆ 800. ನಮ್ಮ ಕೆಲಸಕ್ಕೆ 70 ಧಾರಾಳ. ತಲೆಯ ಮೇಲೆ ಏನೂ ಇಲ್ಲದ ಹೊಳೆಯುವ ಬೋಲ್ಟು ಸಿಕ್ಕರೆ ಅದನ್ನು ಬೇರೆ ಯಾವುದಾದರೂ ಕೆಲಸಕ್ಕೆ ಎತ್ತಿಡಿ.

ಅಯಸ್ಕಾಂತ ಅಂಟಿಕೊಂಡಿತು. ಮೋಸ ಹೋದೆನೇ?

ಅಷ್ಟಕ್ಕೇ ಹಾಗೆ ಹೇಳಲಾಗದು. 304, 316 ಎರಡೂ ಮೂಲದಲ್ಲಿ ಅಯಸ್ಕಾಂತಕ್ಕೆ ಒಲಿಯುವುದಿಲ್ಲ. ಆದರೆ ತಣ್ಣಗಿರುವಾಗಲೇ ಜಜ್ಜಿ ತಲೆ ಮಾಡಿ, ಒತ್ತಿ ಥ್ರೆಡ್ಡು ಉರುಳಿಸಿದ ಜಾಗಗಳಲ್ಲಿ ತುಸು ಸೆಳೆತ ಹುಟ್ಟುತ್ತದೆ, 304ರಲ್ಲಿ ಇನ್ನೂ ಹೆಚ್ಚು. ಮೆಲ್ಲಗೆ ಅಂಟಿ ಜಾರಿದರೆ ಚಿಂತಿಸಬೇಡಿ. ಟಪ್ಪೆಂದು ಹಾರಿ ಕಚ್ಚಿಕೊಂಡರೆ ಅದು ಬೇರೆ ಉಕ್ಕು. 304 ಯಾವುದು, 316 ಯಾವುದು ಎಂದು ಬೇರ್ಪಡಿಸಲು ಮಾತ್ರ ಅಯಸ್ಕಾಂತದಿಂದ ಆಗುವುದಿಲ್ಲ.

8.8 ದರ್ಜೆಯ ಗ್ಯಾಲ್ವನೈಸ್ಡ್ ಬೋಲ್ಟು ಸ್ಟೇನ್‌ಲೆಸ್‌ಗಿಂತ ಗಟ್ಟಿಯಲ್ಲವೇ? ಹಿತ್ತಾಳೆಯದು?

8.8 ಎಂಬುದು ಸ್ಟೇನ್‌ಲೆಸ್ ಅಲ್ಲದ ಉಕ್ಕಿನ ಬೋಲ್ಟಿನ ಬಲದ ದರ್ಜೆ. ಗಟ್ಟಿ ಹೌದು. ಆದರೆ ಬೋಲ್ಟಿಗೆ ಇಲ್ಲಿ ಗಟ್ಟಿತನದ ಕೊರತೆಯೇ ಇಲ್ಲ. ಅಂಗಡಿಯಲ್ಲಿ ಸಿಗುವ ತೆಳು ಸತು ಲೇಪನ ಉಪ್ಪು ನೀರಿನಲ್ಲಿ ಬೇಗ ಸವೆದು ಕೆಂಪು ತುಕ್ಕು ಏಳುತ್ತದೆ. ಆ ತುಕ್ಕು ಊದಿಕೊಂಡು ಹಲಗೆಯ ರಂಧ್ರವನ್ನು ಸೀಳುತ್ತದೆ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ದಪ್ಪ ಲೇಪನದ್ದು ಹೆಚ್ಚು ಬಾಳುತ್ತದೆ, ಆದರೆ ಬಿಗಿಯುವಾಗ ಥ್ರೆಡ್ಡಿನ ಮೇಲಿನ ಲೇಪನವೇ ಮೊದಲು ಕೆರೆದು ಹೋಗುತ್ತದೆ. ಹಿತ್ತಾಳೆಯ ಸತು ಸಮುದ್ರದ ನೀರಿಗೆ ಕರಗಿ ಉಳಿದ ತಾಮ್ರ ಸ್ಪಂಜಿನಂತಾಗುತ್ತದೆ. ಕಂಚು ಮರದ ದೋಣಿಗೆ ಒಳ್ಳೆಯ ಲೋಹವೇ, ಆದರೆ ಮೋಟಾರಿನ ಅಲ್ಯೂಮಿನಿಯಂ ಬ್ರಾಕೆಟ್ಟಿನ ಜೊತೆ ಅದರ ಸಂಸಾರ ಸರಿಹೋಗುವುದಿಲ್ಲ.

## ಉದ್ದ, ವಾಷರ್, ನಟ್ಟು

ಬೋಲ್ಟಿನ ಉದ್ದ ಹೇಗೆ ಲೆಕ್ಕ ಹಾಕುವುದು?

ತಲೆಯ ಕೆಳಗಿನಿಂದ ತುದಿಯವರೆಗೆ ದಾರಿಯಲ್ಲಿ ಏನೇನು ಸಿಗುತ್ತದೆಯೋ ಎಲ್ಲವನ್ನೂ ಕೂಡಿಸಿ. ನಾನು ಕೊನೆಯ ಬಾರಿ ಅಳೆದ ದೋಣಿಯಲ್ಲಿ ಹೀಗಿತ್ತು: ಹೊರಗಿನ ವಾಷರ್ 2.5 ಮಿ.ಮೀ., ಬ್ರಾಕೆಟ್ 14, ಹಿಂಹಲಗೆ 52, ಒಳಗಿನ ದೊಡ್ಡ ವಾಷರ್ 3, ನೈಲಾನ್ ನಟ್ಟು 12, ನಟ್ಟಿನಾಚೆ ಕಾಣಬೇಕಾದ ಎರಡು ಎಳೆಗೆ 4. ಒಟ್ಟು 87.5. ಕೊಂಡದ್ದು 90ರ ಬೋಲ್ಟು.

ಹಲಗೆಯ ದಪ್ಪವನ್ನು ಮೇಲಂಚಿನಲ್ಲಿ ಅಳೆದು ಮುಗಿಸಬೇಡಿ. ಫೈಬರ್‌ಗ್ಲಾಸ್ ದೋಣಿಗಳಲ್ಲಿ ಕೆಳಗಿನ ರಂಧ್ರದ ಹತ್ತಿರ ಪದರಗಳು ಹೆಚ್ಚಿರಬಹುದು. ಮೇಲೆ 90 ಸರಿಹೋಗಿ ಕೆಳಗೆ 100 ಬೇಕಾಗುವುದು ಅಪರೂಪವಲ್ಲ.

ಉದ್ದದ ಬೋಲ್ಟು ತಂದರೆ ತೊಂದರೆ ಏನು? ಉಳಿದದ್ದು ಆಚೆ ಚಾಚಿಕೊಂಡಿರಲಿ.

ಚಾಚಿಕೊಂಡದ್ದು ಮೊಣಕಾಲಿಗೆ ತಗಲುವುದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಅರ್ಧ ಥ್ರೆಡ್ಡಿನ ಎಂ12 ಬೋಲ್ಟಿನಲ್ಲಿ, 125 ಮಿ.ಮೀ. ಉದ್ದದವರೆಗೆ, ಥ್ರೆಡ್ಡಿರುವುದು ತುದಿಯ 30 ಮಿ.ಮೀ. ಮಾತ್ರ, ಮಿಕ್ಕಿದ್ದು ನುಣುಪು. ಮೇಲಿನ ಲೆಕ್ಕದಲ್ಲಿ ನಟ್ಟು ಬಂದು ಕೂರಬೇಕಾದ ಜಾಗ ತಲೆಯಿಂದ 71.5 ಮಿ.ಮೀ. ದೂರ. 110ರ ಬೋಲ್ಟು ತಂದರೆ ಅದರ ನುಣುಪು ಭಾಗವೇ 80. ನಟ್ಟು ಥ್ರೆಡ್ಡಿನ ಕೊನೆಗೆ ಬಂದು ನಿಲ್ಲುತ್ತದೆ, ಸ್ಪ್ಯಾನರಿಗೆ ಕಲ್ಲಿನಷ್ಟು ಬಿಗಿ ಅನಿಸುತ್ತದೆ, ಹಲಗೆಗೂ ವಾಷರಿಗೂ ನಡುವೆ ಎಂಟು ಮಿಲಿಮೀಟರ್ ಗಾಳಿ! ಸೀಲೆಂಟು (ನೀರು ನುಗ್ಗದಂತೆ ಬಳಿಯುವ ಅಂಟು) ತುಂಬಿಕೊಂಡಿದ್ದರೆ ಆ ಸಂದು ಕಾಣುವುದೂ ಇಲ್ಲ. ಕಡೆಗೆ ವಾಷರುಗಳನ್ನು ದೋಸೆಯಂತೆ ಪೇರಿಸಿ ಸರಿಮಾಡುವವರನ್ನು ನೋಡಿದ್ದೇನೆ. ಸರಿಯಾದ ಉದ್ದದ ಬೋಲ್ಟು ತನ್ನಿ.

ಪೂರ್ತಿ ಥ್ರೆಡ್ಡಿನದು ಈ ತಾಪತ್ರಯ ತಪ್ಪಿಸುತ್ತದೆ ನಿಜ, ಆದರೆ ಥ್ರೆಡ್ಡಿನ ಅಂಚು ರಂಧ್ರವನ್ನು ಅರದಂತೆ ಉಜ್ಜುತ್ತದೆ, ಎಳೆಗಳ ಸಂದಿಯಲ್ಲಿ ನೀರಿಗೆ ದಾರಿಯಾಗುತ್ತದೆ. ನುಣುಪು ಮೈಯಿರುವುದೇ ಮೇಲು.

ವಾಷರ್ ಎಷ್ಟು ದೊಡ್ಡದಿರಬೇಕು?

ಹೊರಗೆ, ಬ್ರಾಕೆಟ್ಟಿನ ಮೇಲೆ, ಸಾಮಾನ್ಯ ವಾಷರ್ ಸಾಕು. ಒಳಗೆ, ಹಲಗೆಯ ಮೇಲೆ, ಅಗಲದ್ದು ಬೇಕು. ಎಂ12ರ ಸಾಮಾನ್ಯ ವಾಷರಿನ ಅಗಲ 24 ಮಿ.ಮೀ., ಅಗಲ ವಾಷರಿನದು 37. ರಂಧ್ರ ಕಳೆದರೆ ಮೊದಲನೆಯದು ಹಲಗೆಯನ್ನು ಒತ್ತುವ ಜಾಗ ಸುಮಾರು 320 ಚದರ ಮಿ.ಮೀ., ಎರಡನೆಯದು 940. ಅದೇ ಬಿಗಿತ ಮೂರು ಪಟ್ಟು ಜಾಗಕ್ಕೆ ಹಂಚಿಹೋಗುತ್ತದೆ. ಭಾರಿ ಮೋಟಾರಾದರೆ, ಅಥವಾ ಹಲಗೆ ಹಳೆಯದಾದರೆ, ಅಕ್ಕಪಕ್ಕದ ಎರಡೂ ಬೋಲ್ಟುಗಳನ್ನು ಸೇರಿಸುವಂತೆ ಒಂದು ದಪ್ಪ ಲೋಹದ ಪಟ್ಟಿಯನ್ನೇ ಒಳಗೆ ಕೊಡಿ. ಮೂಲೆಗಳನ್ನು ಅರ ಹಾಕಿ ದುಂಡಗೆ ಮಾಡಿ. ಚೂಪು ಮೂಲೆ ಫೈಬರ್‌ಗ್ಲಾಸಿನಲ್ಲಿ ಬಿರುಕು ಹುಟ್ಟಿಸುತ್ತದೆ.

ನೈಲಾನ್ ನಟ್ಟೋ, ಸ್ಪ್ರಿಂಗ್ ವಾಷರೋ?

ನೈಲಾನ್ ಬಳೆಯಿರುವ ನಟ್ಟು. ನಡುಕಕ್ಕೆ ನಟ್ಟು ಬಿಚ್ಚಿಕೊಳ್ಳದಂತೆ ಹಿಡಿಯುವುದರಲ್ಲಿ ಸ್ಪ್ರಿಂಗ್ ವಾಷರಿನ ಮೇಲೆ ನನಗೆ ನಂಬಿಕೆ ಕಡಿಮೆ: ಬಿಗಿದ ಮೇಲೆ ಅದು ಚಪ್ಪಟೆಯಾಗಿ ಬರಿಯ ವಾಷರ್ ಆಗಿಬಿಡುತ್ತದೆ. ನೈಲಾನ್ ಕೆಲಸ ಮಾಡಬೇಕಾದರೆ ಬೋಲ್ಟಿನ ತುದಿ ಅದನ್ನು ದಾಟಿ ಎರಡು ಎಳೆಯಾದರೂ ಆಚೆ ಬಂದಿರಬೇಕು. ಒಮ್ಮೆ ಬಿಚ್ಚಿದ ನಟ್ಟನ್ನು ಮತ್ತೆ ಹಾಕಬೇಡಿ. ಕೈಬೆರಳಿನಲ್ಲೇ ಪೂರ್ತಿ ತಿರುಗಿದರೆ ಅದರ ನೈಲಾನ್ ಸತ್ತಿದೆ ಎಂದೇ ಲೆಕ್ಕ.

ಬೋಲ್ಟಿನ ತಲೆ ಒಳಗಿರಬೇಕೋ ಹೊರಗೋ?

ಇದರ ಮೇಲೆ ಜಗಳವೇ ಆಗುತ್ತದೆ. ನಟ್ಟು ಹೊರಗಿದ್ದರೆ ಸಡಿಲಾದದ್ದು ಕಣ್ಣಿಗೆ ಬೀಳುತ್ತದೆ ಎನ್ನುವವರ ಮಾತಿನಲ್ಲಿ ಸತ್ಯವಿದೆ. ನಾನು ತಲೆಯನ್ನು ಹೊರಗಿಟ್ಟು ನಟ್ಟನ್ನು ಒಳಗೆ ಹಾಕುತ್ತೇನೆ. ನೀರಿನ ಕಡೆ ಸೀಲೆಂಟು ಬಳಿದ ತಲೆ ಅಲುಗದೆ ಕೂರುತ್ತದೆ, ತಿರುಗುವುದು ಒಳಗಿನ ನಟ್ಟು ಮಾತ್ರ, ಸೀಲೆಂಟು ಹರಿಯುವುದಿಲ್ಲ. ಒಳಗೆ ಚಾಚಿದ ತುದಿಗೆ ಪೆಟ್ರೋಲ್ ಕೊಳವೆಯಾಗಲಿ ಬ್ಯಾಟರಿ ತಂತಿಯಾಗಲಿ ಉಜ್ಜುತ್ತಿಲ್ಲವೆಂದು ನೋಡಿಕೊಳ್ಳಿ. ಕೆಳಗಿನ ಬೋಲ್ಟುಗಳಿಗೆ ಎಷ್ಟೋ ಬ್ರಾಕೆಟ್ಟುಗಳಲ್ಲಿ ಜಾಗವೇ ಕಡಿಮೆ; ಅಲ್ಲಿ ಯಾವುದು ಕೂರುತ್ತದೆಯೋ ಅದೇ ಸರಿ.

## ಕೊರೆಯುವುದು, ಬಿಗಿಯುವುದು

ರಂಧ್ರವನ್ನು ಎಲ್ಲಿ ಕೊರೆಯಬೇಕು?

ಎತ್ತರ ನಿಶ್ಚಯವಾಗುವ ತನಕ ಎಲ್ಲೂ ಕೊರೆಯಬೇಡಿ. ಮೋಟಾರನ್ನು ಹಲಗೆಯ ಮೇಲೆ ಕೂರಿಸಿ, ಸರಿಯಾಗಿ ನಡುಗೆರೆಗೆ ತಂದು, ಪ್ರೊಪೆಲ್ಲರಿನ ಮೇಲಿನ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಮೇಲೆ ಬರುತ್ತದೆಯೇ ನೋಡಿ. ಹಲಗೆಯ ಎತ್ತರಕ್ಕೆ 15, 20, 25 ಇಂಚು ಎಂಬ ರೂಢಿಯ ಅಳತೆಗಳಿವೆ. ಮೋಟಾರಿನ ಕಾಲಿನ ಉದ್ದ ಅದಕ್ಕೆ ಹೊಂದದಿದ್ದರೆ ಯಾವ ಬೋಲ್ಟೂ ಅದನ್ನು ಸರಿಪಡಿಸದು.

ಹೆಚ್ಚಿನ ಮಧ್ಯಮ, ದೊಡ್ಡ ಮೋಟಾರುಗಳಲ್ಲಿ ಮೇಲಿನ ಎರಡು ರಂಧ್ರಗಳ ನಡುವೆ ಸುಮಾರು 327 ಮಿ.ಮೀ., ಕೆಳಗಿನವುಗಳ ನಡುವೆ ಸುಮಾರು 251 ಇರುತ್ತದೆ. ಬ್ರಾಕೆಟ್ಟಿನ ಮೇಲ್ಭಾಗದಲ್ಲಿ ಮುಕ್ಕಾಲು ಇಂಚಿನ ಅಂತರದಲ್ಲಿ ಒಂದರ ಕೆಳಗೊಂದು ಹಲವು ರಂಧ್ರಗಳು ಕಾಣುತ್ತವೆ. ಮುಂದೆ ಮೋಟಾರನ್ನು ಏರಿಸಿ ಇಳಿಸಲು ಇವು. ಮೇಲ್ತುದಿಯ ರಂಧ್ರಕ್ಕೇ ಬೋಲ್ಟು ಹಾಕಿಬಿಟ್ಟರೆ ಮುಂದೆ ಮೋಟಾರನ್ನು ಏರಿಸಲು ಅದೇ ಬೋಲ್ಟಿಗೆ ಕೆಳಗಿನ ರಂಧ್ರಗಳು ಉಳಿದಿರುತ್ತವೆ, ಹೊಸದಾಗಿ ಕೊರೆಯಬೇಕಿಲ್ಲ. ಎಂ12ಕ್ಕೆ 12.5 ಅಥವಾ 13ರ ಬಿಟ್ಟು ಹಾಕಿ, ಹಲಗೆಗೆ ಲಂಬಕೋನವಾಗಿ ಹಿಡಿದು, ಹೊರಗಿನಿಂದ ಒಳಕ್ಕೆ ಕೊರೆಯಿರಿ. ಬಿಟ್ಟು ಆಚೆ ಬರುವ ಜಾಗದಲ್ಲಿ ಒಂದು ಮರದ ತುಂಡನ್ನು ಒತ್ತಿ ಹಿಡಿಯಲು ಯಾರಾದರೂ ಜೊತೆಗಿದ್ದರೆ ಫೈಬರ್‌ಗ್ಲಾಸ್ ಎದ್ದು ಬರುವುದಿಲ್ಲ.

ಕೊರೆದಾಗ ಕಪ್ಪು ಪುಡಿ ಬಂತು. ಪರವಾಗಿಲ್ಲವೇ?

ಡ್ರಿಲ್ ನಿಲ್ಲಿಸಿ. ಒಳ್ಳೆಯ ಪ್ಲೈವುಡ್ಡಿನ ಪುಡಿ ತಿಳಿ ಬಣ್ಣದ್ದು, ಒಣಗಿದ್ದು, ಊದಿದರೆ ಹಾರುತ್ತದೆ. ಕೊಳೆತದ್ದು ಕಾಫಿ ಗಸಿಯಂತೆ ಬಿಟ್ಟಿನ ಸುರುಳಿಗೆ ಮೆತ್ತಿಕೊಂಡು ಬರುತ್ತದೆ, ಮೂಗಿಗೆ ಹಿಡಿದರೆ ಹುಳಿ ವಾಸನೆ. ಅಂಥ ಹಲಗೆಗೆ ಯಾವ ಬೋಲ್ಟು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಸುತ್ತಿಗೆಯ ಹಿಡಿಯಿಂದ ಹಲಗೆಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಜಾಗ ಡಬ್ ಎನ್ನುತ್ತದೆ. ಕೊಳೆತ ಎಷ್ಟು ದೂರ ಹರಡಿದೆ ಎಂದು ತಿಳಿದ ಮೇಲೆ ಹಲಗೆಯ ಕೆಲಸ ಮೊದಲು, ಮೋಟಾರಿನ ಕೆಲಸ ಆಮೇಲೆ.

ಸೀಲೆಂಟು ಯಾವುದು, ಎಲ್ಲಿ ಬಳಿಯಬೇಕು?

ದೋಣಿಗೆಂದೇ ಮಾಡಿದ ಪಾಲಿಯುರೆಥೇನ್ ಅಥವಾ ಪಾಲಿಸಲ್ಫೈಡ್. ಸ್ನಾನದ ಮನೆಯ ಸಿಲಿಕೋನ್ ಬೇಡ. ಪಾಲಿಯುರೆಥೇನಿನಲ್ಲಿ ಶಾಶ್ವತವಾಗಿ ಅಂಟುವ ಜಾತಿಯೊಂದಿದೆ, ಅದೂ ಬೇಡ. ಮುಂದೊಂದು ದಿನ ಮೋಟಾರನ್ನು ಇಳಿಸಲೇಬೇಕಲ್ಲ. ರಂಧ್ರದ ಒಳಗೋಡೆಗೆ, ಬೋಲ್ಟಿನ ನುಣುಪು ಮೈಗೆ, ತಲೆಯ ಅಡಿಗೆ, ಬ್ರಾಕೆಟ್ಟಿಗೂ ಹಲಗೆಗೂ ನಡುವೆ ರಂಧ್ರದ ಸುತ್ತ ಒಂದು ಬಳೆಯಂತೆ ಬಳಿಯಿರಿ. ಒಳಗಡೆಯ ವಾಷರಿಗೆ ಬಳಿಯುವುದಿಲ್ಲ. ಎಲ್ಲಾದರೂ ನೀರು ನುಗ್ಗಿದರೆ ಅದು ಒಳಗೆ ಜಿನುಗಿ ಕಣ್ಣಿಗೆ ಕಾಣಲಿ, ಹಲಗೆಯೊಳಗೆ ಸಿಕ್ಕಿಕೊಳ್ಳದಿರಲಿ.

ತಾಳ್ಮೆಯಿದ್ದವರಿಗೆ ಇದಕ್ಕಿಂತ ಭದ್ರವಾದ ದಾರಿಯಿದೆ: ರಂಧ್ರವನ್ನು 18 ಮಿ.ಮೀ. ಕೊರೆದು, ಒಂದು ಬದಿ ಟೇಪು ಅಂಟಿಸಿ, ಮಂದ ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುವುದು. ಸೀಲೆಂಟು ಸೋತರೂ ನೀರಿಗೆ ಮರ ಸಿಗುವುದಿಲ್ಲ.

ಎಷ್ಟು ಬಿಗಿಯಬೇಕು?

ಕೈಪಿಡಿಯಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲದ ಅಳತೆ, ಕೊಟ್ಟಿದ್ದರೆ ಅಷ್ಟೇ. ಇಲ್ಲದಿದ್ದರೆ ಒಳಗಿನ ವಾಷರಿನ ಅಂಚನ್ನು ನೋಡುತ್ತಾ ಬಿಗಿಯಿರಿ. ಅದು ಹಲಗೆಯೊಳಗೆ ಇಳಿಯಲು ಶುರುವಾದರೆ ನೀವು ಮರವನ್ನು ಪುಡಿಮಾಡುತ್ತಿದ್ದೀರಿ ಎಂದರ್ಥ. ನಾಲ್ಕನ್ನೂ ಸುತ್ತಿ ಸುತ್ತಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಮೊದಲ ಕೆಲವು ಗಂಟೆ ಓಡಿಸಿದ ಮೇಲೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಮರ, ಸೀಲೆಂಟು ಎರಡೂ ಕೂತುಕೊಂಡು ಕಾಲು ಸುತ್ತು ಸಿಕ್ಕೇ ಸಿಗುತ್ತದೆ.

## ಪಳಗಿದವರ ಪ್ರಶ್ನೆಗಳು

ಹೊಸ ಸ್ಟೇನ್‌ಲೆಸ್ ನಟ್ಟು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಸ್ಟೇನ್‌ಲೆಸ್‌ನ ಹಳೆಯ ಚಾಳಿ ಇದು. ಥ್ರೆಡ್ಡುಗಳು ಒತ್ತಡದಲ್ಲಿ ಉಜ್ಜಿದಾಗ ಮೇಲಿನ ರಕ್ಷಣೆಯ ಪದರ ಹರಿದು ಲೋಹಕ್ಕೆ ಲೋಹ ಬೆಸೆದುಕೊಳ್ಳುತ್ತದೆ. ನನಗೆ ಆದಾಗ ಮೊದಲು ಸ್ಪ್ಯಾನರ್ ಭಾರವಾಯಿತು, ಆಮೇಲೆ ಒಂದು ಕಿರ್ ಸದ್ದು, ಅಲ್ಲಿಗೆ ಮುಗಿಯಿತು. ನಟ್ಟನ್ನು ಮುಟ್ಟಿದರೆ ಬಿಸಿ. ಇನ್ನಷ್ಟು ಬಲ ಹಾಕಿದರೆ ಬೋಲ್ಟು ತಿರುಚಿ ತುಂಡಾಗುತ್ತದೆ. ಗರಗಸದಿಂದ ಕತ್ತರಿಸಿ ಹೊಸದು ಹಾಕುವುದೊಂದೇ ದಾರಿ. ಮುಂದಿನ ಸಲ ಥ್ರೆಡ್ಡನ್ನು ಬ್ರಷ್ಷಿನಿಂದ ಉಜ್ಜಿ, ಸಿಕ್ಕಿಕೊಳ್ಳದಂತೆ ತಡೆಯುವ ಪೇಸ್ಟನ್ನು ಬಳಿದು, ಕೈಸ್ಪ್ಯಾನರಿನಿಂದ ನಿಧಾನವಾಗಿ ತಿರುಗಿಸಿ. ಬಡಿದು ಬಿಗಿಯುವ ವಿದ್ಯುತ್ ಯಂತ್ರ ಈ ಕೆಲಸಕ್ಕೆ ಶತ್ರು. ಒಂದು ಎಚ್ಚರ: ಪೇಸ್ಟು ಬಳಿದ ಥ್ರೆಡ್ಡಿನಲ್ಲಿ ಘರ್ಷಣೆ ಕಡಿಮೆ, ಅದೇ ಟಾರ್ಕಿಗೆ ಬಿಗಿತ ಹೆಚ್ಚುತ್ತದೆ.

ಬೋಲ್ಟಿನ ಸುತ್ತ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತಿದೆ. ಏನದು?

ಅಲ್ಯೂಮಿನಿಯಂ ಸವೆಯುತ್ತಿದೆ. ಎರಡು ಬೇರೆ ಲೋಹಗಳು ಉಪ್ಪು ನೀರಿನಲ್ಲಿ ತಾಗಿಕೊಂಡರೆ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಸ್ಟೇನ್‌ಲೆಸ್ ಉಳಿಯುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಬಣ್ಣ ಕಿತ್ತ ಜಾಗದಲ್ಲಿ ಇದು ಬೇಗ. ಬೋಲ್ಟಿಗೂ ಅಲ್ಯೂಮಿನಿಯಮಿಗೂ ನಡುವೆ ವಿದ್ಯುತ್ ಹರಿಯದ ಪೇಸ್ಟು, ತಲೆಯ ಕೆಳಗೆ ತೆಳು ನೈಲಾನ್ ವಾಷರ್, ಕೊರೆದ ಅಂಚಿಗೆ ಬಣ್ಣ, ಇವು ಮದ್ದು. ದೋಣಿಯೇ ಅಲ್ಯೂಮಿನಿಯಮಿನದಾಗಿದ್ದರೆ ಬೋಲ್ಟಿನ ಮೈಗೂ ನೈಲಾನ್ ಕೊಳವೆ ತೊಡಿಸಿ. ಅದರ ಹಿಂಹಲಗೆಯೊಳಗೆ ತಾಮ್ರದ ಲವಣ ಕುಡಿಸಿದ ಮರವನ್ನಂತೂ ಇಡಲೇಬೇಡಿ.

ಹಳೆಯ ಬೋಲ್ಟುಗಳು ಇನ್ನೂ ಫಳಫಳ ಹೊಳೆಯುತ್ತಿವೆ. ಅವನ್ನೇ ಮತ್ತೆ ಹಾಕಬಹುದೇ?

ಹೊರಗೆ ಕಾಣುವ ತಲೆಯನ್ನು ನೋಡಿ ಹೇಳುವಂತಿಲ್ಲ. ಸ್ಟೇನ್‌ಲೆಸ್‌ನ ಮೈಮೇಲಿನ ರಕ್ಷಣೆಯ ಪದರ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಬೇಕಾದರೆ ಅದಕ್ಕೆ ಆಮ್ಲಜನಕ ಬೇಕು. ಒದ್ದೆ ಮರದೊಳಗೆ ಗಾಳಿಯಾಡದೆ ವರ್ಷಗಟ್ಟಲೆ ಕೂತ ಬೋಲ್ಟಿಗೆ ಅದು ಸಿಗುವುದಿಲ್ಲ. ಹೀಗೊಂದು ಬೋಲ್ಟನ್ನು ನಾನು ಹೊರಗೆಳೆದಾಗ ತಲೆ ಕನ್ನಡಿಯಂತಿತ್ತು, ಥ್ರೆಡ್ಡೂ ಹೊಸದರಂತಿತ್ತು. ನಡುವೆ, ಮರದೊಳಗಿದ್ದ ಎರಡು ಬೆರಳಗಲದಲ್ಲಿ, ಇಲಿ ಕಡಿದ ಸಾಬೂನಿನಂತೆ ಗುಳಿಬಿದ್ದು ಸೊಂಟ ಸಣ್ಣಗಾಗಿತ್ತು. ಆದ್ದರಿಂದ ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು, ಬಟ್ಟೆಯಿಂದ ಒರೆಸಿ, ನುಣುಪು ಭಾಗದ ಮೇಲೆ ಉಗುರು ಎಳೆಯಿರಿ. ಉಗುರು ಎಲ್ಲಾದರೂ ತಡೆದರೆ, ಅಥವಾ ಕಂದು ಗೆರೆ ಕಂಡರೆ, ನಾಲ್ಕನ್ನೂ ಬದಲಿಸಿ. ಆ ರಂಧ್ರದಿಂದ ಜಿನುಗಿದ ನೀರಿನ ಬಣ್ಣವನ್ನೂ ನೋಡಿ. ತಿಳಿಯಾಗಿದ್ದರೆ ಸೀಲೆಂಟಿನದಷ್ಟೇ ಸಮಸ್ಯೆ. ಚಹಾದ ಬಣ್ಣವಾಗಿದ್ದರೆ ಸುತ್ತಿಗೆ ತಂದು ಹಲಗೆಯನ್ನು ತಟ್ಟಲು ಶುರುಮಾಡಿ.